ಬಿಲ್ಲೆ, ಕವಡೆ, ಐದು ಕಲ್ಲು: ಎಲ್ಲೆಲ್ಲಿಯ ಮಕ್ಕಳೂ ಒಂದೇ ಆಟ ಆಡುವುದು ಹೇಗೆ?

ದಾವಣಗೆರೆಯ ಹಳೆಯ ಬಡಾವಣೆಗಳಲ್ಲಿ ಈಗಲೂ ಬಿಸಿಲು ಇಳಿಯುವ ಹೊತ್ತಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರು ಹುಡುಗಿಯರು ಕಲ್ಲಾಟಕ್ಕೆ ಕುಳಿತಿರುವುದನ್ನು ಕಾಣಬಹುದು. ಆಟಕ್ಕಿಂತ ಮೊದಲು ಕಲ್ಲು ಆರಿಸುವುದೇ ಒಂದು ಕೆಲಸ. ತೀರಾ ದುಂಡಗಿದ್ದರೆ ಕಟ್ಟೆಯ ಮೇಲಿಂದ ಉರುಳಿಹೋಗುತ್ತವೆ, ಮೂಲೆ ಚೂಪಾಗಿದ್ದರೆ ಬೆರಳಿಗೆ ಚುಚ್ಚುತ್ತವೆ; ಆದ್ದರಿಂದ ಯಾರದೋ ಮನೆ ಕಟ್ಟುವಲ್ಲಿ ಸುರಿದ ಜಲ್ಲಿಯ ರಾಶಿಯನ್ನು ಕೆದಕಿ, ಹುಣಸೆ ಬೀಜಕ್ಕಿಂತ ತುಸು ದೊಡ್ಡದಾದ, ಮೂಲೆ ಸವೆದ ಐದನ್ನೇ ಹುಡುಕಬೇಕು. ಒಂದನ್ನು ಮೇಲಕ್ಕೆ ಹಾರಿಸಿ, ಅದು ಕೆಳಗಿಳಿಯುವಷ್ಟರಲ್ಲಿ ನೆಲದ ಮೇಲಿನದನ್ನು ಬಾಚಿಕೊಂಡು, ಇಳಿದುಬಂದದ್ದನ್ನೂ ಅದೇ ಕೈಯಲ್ಲಿ ಹಿಡಿಯಬೇಕು. ಮೊದಲು ಒಂದೊಂದು, ಆಮೇಲೆ ಎರಡೆರಡು, ಆಮೇಲೆ ಮೂರು ಮತ್ತು ಒಂದು, ಕೊನೆಗೆ ನಾಲ್ಕನ್ನೂ ಒಟ್ಟಿಗೆ. ಎಲ್ಲ ಮುಗಿದ ಮೇಲೆ ಐದೂ ಕಲ್ಲುಗಳನ್ನು ಒಮ್ಮೆಗೇ ಎಸೆದು, ಕೈಯನ್ನು ಮಗುಚಿ, ಹಿಂಗೈ ಮೇಲೆ ಎಷ್ಟು ನಿಲ್ಲುತ್ತವೆಯೋ ಅಷ್ಟು ಲೆಕ್ಕ.

ಈ ಕೊನೆಯ ಪಟ್ಟಿನ ವರ್ಣನೆ ಹೆಚ್ಚುಕಡಿಮೆ ಇದೇ ರೂಪದಲ್ಲಿ ಕ್ರಿ.ಶ. 2ನೇ ಶತಮಾನದ ಗ್ರೀಕ್ ಗ್ರಂಥವೊಂದರಲ್ಲಿದೆ. ಈಜಿಪ್ಟಿನ ನೌಕ್ರಾಟಿಸ್ ಊರಿನವನಾಗಿ ಅಥೆನ್ಸ್‌ನಲ್ಲಿ ಪಾಠ ಹೇಳುತ್ತಿದ್ದ ಜೂಲಿಯಸ್ ಪೊಲ್ಲಕ್ಸ್ ಎಂಬ ವಿದ್ವಾಂಸ, ಪದಗಳನ್ನು ವಿಷಯವಾರು ಜೋಡಿಸಿ ಬರೆದ 'ಒನೊಮಾಸ್ಟಿಕಾನ್' ಎಂಬ ಕೋಶದಲ್ಲಿ ಮಕ್ಕಳ ಆಟಗಳ ಹೆಸರುಗಳನ್ನೂ ಕೂಡಿಸಿಟ್ಟಿದ್ದಾನೆ. ಅವುಗಳಲ್ಲಿ 'ಪೆಂಟೆಲಿಥ' ಎಂಬುದು ಒಂದು. ಆ ಪದದ ಅರ್ಥವೇ ಐದು ಕಲ್ಲು. ಕಲ್ಲುಗಳನ್ನೋ ಕುರಿಯ ಕಾಲಿನ ಗಿಣ್ಣಿನ ಮೂಳೆಗಳನ್ನೋ ಮೇಲಕ್ಕೆಸೆದು, ಕೈ ತಿರುಗಿಸಿ ಹಿಂಗೈ ಮೇಲೆ ಹಿಡಿಯಬೇಕೆಂದೂ, ಇದು ಹೆಚ್ಚಾಗಿ ಹೆಂಗಸರ ಆಟವೆಂದೂ ಅವನು ಬರೆಯುತ್ತಾನೆ. ಇನ್ನೂ ಹಿಂದಕ್ಕೆ ಹೋದರೆ, ಹೋಮರನ 'ಇಲಿಯಡ್' ಕಾವ್ಯದ 23ನೇ ಭಾಗದಲ್ಲಿ ಸತ್ತ ಪೆಟ್ರೋಕ್ಲಸ್ ಗೆಳೆಯನ ಕನಸಿನಲ್ಲಿ ಬಂದು, ತಾನು ಚಿಕ್ಕವನಿದ್ದಾಗ ಮೂಳೆಯಾಟದ ಜಗಳದಲ್ಲಿ ಸಿಟ್ಟಿಗೆದ್ದು ಒಬ್ಬ ಹುಡುಗನನ್ನು ಕೊಂದುಬಿಟ್ಟಿದ್ದನ್ನು ನೆನೆಯುತ್ತಾನೆ. 1560ರಲ್ಲಿ ಪೀಟರ್ ಬ್ರೂಗೆಲ್ ಬರೆದ, ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿರುವ ಮಕ್ಕಳಾಟದ ದೊಡ್ಡ ಚಿತ್ರದಲ್ಲಿ 200ಕ್ಕೂ ಹೆಚ್ಚು ಮಕ್ಕಳು 80ರಷ್ಟು ಬಗೆಯ ಆಟಗಳಲ್ಲಿ ತೊಡಗಿದ್ದಾರೆ. ಅದರ ಎಡ ಕೆಳಮೂಲೆಯಲ್ಲಿ ಇಬ್ಬರು ಹೆಂಗಸರು ನೆಲಕ್ಕೆ ಬಾಗಿ ಇದೇ ಮೂಳೆಯಾಟ ಆಡುತ್ತಿದ್ದಾರೆ. ದಾವಣಗೆರೆಯ ಕಟ್ಟೆಯ ಮೇಲಿನ ಇಬ್ಬರನ್ನು ಎತ್ತಿ ಅಲ್ಲಿ ಕೂರಿಸಿದರೆ, ಉಡುಪು ಬೇರೆಯಾದೀತೇ ಹೊರತು ಕೂತ ಭಂಗಿ ಬೇರೆಯಾಗದು.

ಹಾಗಾದರೆ ಈ ಆಟ ಗ್ರೀಸಿನಿಂದ ಇಲ್ಲಿಗೆ ಬಂತೇ, ಇಲ್ಲಿಂದ ಅಲ್ಲಿಗೆ ಹೋಯಿತೇ, ಅಥವಾ ಎರಡೂ ಕಡೆ ತಾನಾಗಿಯೇ ಹುಟ್ಟಿತೇ? ಮಕ್ಕಳ ಆಟಗಳ ಚರಿತ್ರೆಯ ಅತಿ ಕಠಿಣವಾದ ಪ್ರಶ್ನೆ ಇದು. ಪ್ರಶ್ನೆ ಕಠಿಣವಾದುದಕ್ಕೆ ಕಾರಣವೂ ಸರಳವಾಗಿದೆ: ಕಲ್ಲು, ಕೋಲು, ನೆಲದ ಮೇಲಿನ ಗೆರೆ, ಎರಡು ಕೈ, ಎರಡು ಕಾಲು ಇವಿಷ್ಟು ಎಲ್ಲ ದೇಶದ ಮಕ್ಕಳಿಗೂ ಪುಕ್ಕಟೆ ಸಿಗುವಾಗ, ಒಂದೇ ಬಗೆಯ ಆಟ ಎರಡು ಕಡೆ ಕಂಡಿತೆಂದ ಮಾತ್ರಕ್ಕೆ ಅವುಗಳ ನಡುವೆ ನಂಟಿದೆ ಎಂದು ಹೇಳಲಾಗದು. ನಂಟು ಸಿದ್ಧವಾಗಬೇಕಾದರೆ ಆಟದಲ್ಲಿ ಕೈಕಾಲುಗಳ ಸ್ವಭಾವದಿಂದ ತಾನಾಗಿ ಬರಲಾರದ, ಹೀಗೆಯೇ ಇರಬೇಕೆಂಬ ಕಟ್ಟಿಲ್ಲದ ಏನಾದರೊಂದು ಗುರುತು ಎರಡೂ ಕಡೆ ಸಿಗಬೇಕು.

ಈ ಮಾತನ್ನು ಬಿಡಿಸಿ ನೋಡಲು ನಮ್ಮ ಚೌಕಾಬಾರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಚಿತ್ರದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಗುಡಿಯ ಕಟ್ಟೆಯ ಚಪ್ಪಡಿಯ ಮೇಲೋ ಮನೆಯ ಜಗಲಿಯ ಮೇಲೋ ಉದ್ದಕ್ಕೆ ಐದು, ಅಗಲಕ್ಕೆ ಐದು, ಒಟ್ಟು 25 ಮನೆಗಳ ಚೌಕವನ್ನು ಬರೆದು, ನಾಲ್ಕು ಬದಿಗಳ ನಡುಮನೆಗೂ ನಟ್ಟನಡುವಿನ ಮನೆಗೂ ಅಡ್ಡಗೆರೆ ಹಾಕಿ ಕಟ್ಟೆಮನೆ ಮಾಡುತ್ತಾರೆ. ನಾಲ್ಕು ಕವಡೆ ಎಸೆದು, ಬಾಯಿ ಮೇಲಾಗಿ ಬಿದ್ದವನ್ನು ಎಣಿಸಿ ಕಾಯಿ ನಡೆಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಇವೆರಡಕ್ಕೂ ಇನ್ನೊಂದು ಸಲ ಎಸೆಯುವ ಹಕ್ಕು ಸಿಗುವುದರ ಹಿಂದೆ ಲೆಕ್ಕವೊಂದಿದೆ. ಎರಡು ಮುಖದ ನಾಲ್ಕು ವಸ್ತುಗಳು ಬೀಳಬಹುದಾದ ರೀತಿ ಒಟ್ಟು 16. ಆ 16ರಲ್ಲಿ ಎರಡು ಬೀಳುವ ದಾರಿ ಆರು, ಒಂದು ಬೀಳುವ ದಾರಿ ನಾಲ್ಕು, ಮೂರು ಬೀಳುವ ದಾರಿಯೂ ನಾಲ್ಕು. ಆದರೆ ಚೌಕಕ್ಕೆ ಇರುವುದು ಒಂದೇ ದಾರಿ, ಬಾರಕ್ಕೂ ಒಂದೇ. ಕವಡೆಯ ಬೆನ್ನು ಉಬ್ಬಿರುವುದರಿಂದ ನಿಜವಾದ ಪ್ರಮಾಣ ಇದಕ್ಕಿಂತ ತುಸು ಆಚೀಚೆ ಆದೀತು, ಆದರೂ ಅಪರೂಪಕ್ಕೆ ಬೀಳುವುದಕ್ಕೆ ಹೆಚ್ಚಿನ ಬೆಲೆ ಕಟ್ಟಬೇಕೆಂಬುದು ಗಣಿತದ ಪುಸ್ತಕ ನೋಡದವರಿಗೂ ಆಡಿ ಆಡಿ ತಿಳಿದಿತ್ತು.

ಕವಡೆ ನಮ್ಮ ಬಯಲುಸೀಮೆಯಲ್ಲಿ ಹುಟ್ಟುವ ವಸ್ತುವಲ್ಲ. ಹಿಂದೆ ನಾಣ್ಯದಂತೆ ಚಲಾವಣೆಯಲ್ಲಿದ್ದ ಕವಡೆಯ ದೊಡ್ಡ ಪಾಲು ಮಾಲ್ಡೀವ್ಸ್ ದ್ವೀಪಗಳಿಂದ ಹಡಗಿನಲ್ಲಿ ಬರುತ್ತಿತ್ತು. ಅದು ಕೈಗೆ ಸಿಗದ ಮನೆಗಳಲ್ಲಿ ಮಕ್ಕಳು ಹುಣಸೆ ಬೀಜವನ್ನೇ ಕವಡೆ ಮಾಡಿಕೊಂಡರು. ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜುತ್ತಾ ಹೋದರೆ ಕಂದು ಸಿಪ್ಪೆ ಸವೆದು ಒಳಗಿನ ಬಿಳಿ ಕಾಣುತ್ತದೆ. ಉಜ್ಜುವಾಗ ಬೀಜ ಕಾದು ಬೆರಳ ತುದಿ ಚುರುಗುಟ್ಟುವುದನ್ನು, ಅದೇ ಕಾದ ಬೀಜವನ್ನು ಪಕ್ಕದವರ ತೋಳಿಗೆ ಒತ್ತಿ ಬೈಸಿಕೊಳ್ಳುವುದನ್ನು ಬಾಲ್ಯದಲ್ಲಿ ಅನುಭವಿಸದವರು ನಮ್ಮ ಕಡೆ ಕಡಿಮೆ. ಹೀಗೆ ಒಂದು ಮುಖ ಕಂದು, ಇನ್ನೊಂದು ಮುಖ ಬಿಳಿ ಆದ ನಾಲ್ಕು ಬೀಜಗಳು ಸಿದ್ಧವಾದರೆ ಕವಡೆಯ ಕೆಲಸ ಮುಗಿದಂತೆ.

ಈಗ ಮೆಕ್ಸಿಕೊಗೆ ಹೋಗೋಣ. ದಾವಣಗೆರೆ ಜಿಲ್ಲೆಯ ಹೊಲಗಳನ್ನು ಇಂದು ತುಂಬಿರುವ ಮೆಕ್ಕೆಜೋಳದ ತವರು ಅದು. 16ನೇ ಶತಮಾನದಲ್ಲಿ ಅಲ್ಲಿಗೆ ಬಂದ ಸ್ಪೇನಿನ ಪಾದ್ರಿಗಳು ಅಜ್ಟೆಕ್ ಜನರ 'ಪಟೊಲಿ' ಎಂಬ ಆಟವನ್ನು ಬರೆದಿಟ್ಟಿದ್ದಾರೆ. ಚಾಪೆಯ ಮೇಲೆ ಶಿಲುಬೆಯಾಕಾರದಲ್ಲಿ ಮನೆಗಳು. ಎಸೆಯುವುದಕ್ಕೆ ಒಂದು ಮುಖಕ್ಕೆ ಮಾತ್ರ ಗುರುತು ಮಾಡಿದ ಅವರೆಯಂಥ ಕಾಳುಗಳು. ಬಿದ್ದ ಸಂಖ್ಯೆಯಷ್ಟು ಹರಳುಗಳನ್ನು ನಡೆಸುತ್ತ ಸುತ್ತುಹಾಕಿ ಮುಗಿಸುವುದು. ಶಿಲುಬೆಯಾಕಾರದ ಹಾಸು, ಎರಡು ಮುಖದ ದಾಳ, ಕಾಯಿಗಳ ಓಟ: ನಮ್ಮ ಪಗಡೆಯ ವರ್ಣನೆಯನ್ನೇ ಯಾರೋ ಬರೆದಂತಿದೆ. 1879ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಬರ್ನೆಟ್ ಟೈಲರ್, ಇಷ್ಟೊಂದು ಅಂಶಗಳು ಕಾಕತಾಳೀಯವಾಗಿ ಕೂಡಿಬರುವುದು ಸಾಧ್ಯವಿಲ್ಲವೆಂದೂ, ಕೊಲಂಬಸ್‌ಗಿಂತ ಬಹಳ ಮೊದಲೇ ಏಷ್ಯಾದಿಂದ ಈ ಆಟ ಪೆಸಿಫಿಕ್ ಸಾಗರ ದಾಟಿ ಅಮೆರಿಕ ಸೇರಿರಬೇಕೆಂದೂ ವಾದಿಸಿದರು. ಮುಂದಿನ 70 ವರ್ಷ ಈ ವಾದಕ್ಕೆ ಬಹಳ ತೂಕವಿತ್ತು. ಜಗಲಿಯ ಮೇಲಿನ ಆಟವೊಂದು ಖಂಡಾಂತರ ಪ್ರಯಾಣದ ಸಾಕ್ಷಿಯಾಗಿ ನಿಂತಿತ್ತು.

1950ರಲ್ಲಿ ಚಾರ್ಲ್ಸ್ ಎರಾಸ್ಮಸ್ ಎಂಬ ಮಾನವಶಾಸ್ತ್ರಜ್ಞರು ಎತ್ತಿದ ಆಕ್ಷೇಪ ನನಗೆ ಹೆಚ್ಚು ಸರಿಯೆನಿಸುತ್ತದೆ. ಅಂಶಗಳನ್ನು ಬಿಡಿಬಿಡಿಯಾಗಿ ಎಣಿಸಿ ಕೂಡಿಸುವುದೇ ತಪ್ಪು, ಏಕೆಂದರೆ ಒಂದನ್ನು ಒಪ್ಪಿಕೊಂಡ ಕೂಡಲೇ ಮಿಕ್ಕವುಗಳಿಗೆ ಇರುವ ಆಯ್ಕೆ ಕಿರಿದಾಗಿಬಿಡುತ್ತದೆ ಎಂಬುದು ಆ ಆಕ್ಷೇಪದ ತಿರುಳು. ಅದೃಷ್ಟದ ಮೇಲೆ ನಡೆಯುವ ಆಟ ಬೇಕೆಂದರೆ ಎಸೆಯಲು ಏನಾದರೂ ಬೇಕು. ಲೋಹದ ಅಥವಾ ದಂತದ ದಾಳ ಇಲ್ಲದಲ್ಲಿ ಎರಡು ಮುಖದ ಬೀಜಕ್ಕಿಂತ ಸುಲಭವಾದ ವಸ್ತು ಇನ್ನೊಂದಿಲ್ಲ. ಬಿದ್ದ ಸಂಖ್ಯೆಯನ್ನು ನೆನಪಿಡಲು ಮನೆಗಳು ಬೇಕು. ನಾಲ್ಕು ಜನ ಎದುರುಬದುರು ಕೂತು ಆಡುವುದಾದರೆ ಹಾಸು ನಾಲ್ಕು ತೋಳಿನದೋ ನಾಲ್ಕು ಬದಿಯದೋ ಆಗಿಯೇ ಆಗುತ್ತದೆ. ಚಳ್ಳಕೆರೆಯ ಕಡೆಯ ಹುಡುಗ ಕವಡೆ ಸಿಗದೆ ಹುಣಸೆ ಬೀಜ ಉಜ್ಜಿದ್ದಕ್ಕೂ ಅಜ್ಟೆಕ್ ಆಟಗಾರ ಕಾಳಿಗೆ ಗುರುತು ಮಾಡಿದ್ದಕ್ಕೂ ಕಾರಣ ಒಂದೇ, ಆದರೆ ಆ ಹುಡುಗನಿಗೆ ಅದನ್ನು ಮೆಕ್ಸಿಕೊದವರು ಹೇಳಿಕೊಡಲಿಲ್ಲ.

ಆಟಗಳು ಪ್ರಯಾಣ ಮಾಡುವುದೇ ಇಲ್ಲವೆಂದು ಇದರರ್ಥವಲ್ಲ. ಪ್ರಯಾಣ ಮಾಡಿದವು ತಮ್ಮ ಮೈಮೇಲೆ ಊರಿನ ಮುದ್ರೆಯನ್ನು ಉಳಿಸಿಕೊಂಡಿರುತ್ತವೆ. ಅದೇ ಪಗಡೆಯ ಮನೆತನದ ಪಚೀಸಿಯನ್ನು ಇಂಗ್ಲೆಂಡಿನವರು ಒಯ್ದು, ಕವಡೆಯ ಬದಲು ಆರು ಮುಖದ ದಾಳ ಹಾಕಿ, 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದರು. ಅದು ರಟ್ಟಿನ ಹಲಗೆಯಾಗಿ, ಆಮೇಲೆ ಮೊಬೈಲಿನ ಆಟವಾಗಿ ಮರಳಿ ನಮ್ಮ ಮನೆಗೇ ಬಂದಿದೆ. ಪುಣ್ಯದ ಏಣಿ ಹತ್ತಿ ಪಾಪದ ಹಾವಿನ ಬಾಯಿಗೆ ಬಿದ್ದು ಕೊನೆಗೆ ವೈಕುಂಠ ಸೇರುವ ಪರಮಪದದ ಪಟವೂ 1890ರ ದಶಕದಲ್ಲಿ ಹೀಗೆಯೇ ಹಡಗು ಹತ್ತಿತು. ಅಲ್ಲಿ ಮೊದಮೊದಲು ಪಾಪ ಪುಣ್ಯಗಳ ಹೆಸರು ಬದಲಾದವು, ಆಮೇಲೆ ಹೆಸರುಗಳೇ ಅಳಿಸಿಹೋಗಿ ಬರೀ ಹಾವು ಏಣಿ ಉಳಿದವು.

ಅಳಗುಳಿ ಮಣೆಯದು ಇನ್ನೂ ದೊಡ್ಡ ಸಂಸಾರ. ಒಂದೊಂದು ಸಾಲಿಗೆ ಏಳರಂತೆ ಎರಡು ಸಾಲು ಗುಳಿ, ಗುಳಿಯೊಳಗಿನ ಹುಣಸೆ ಬೀಜವನ್ನೋ ಗುಲಗಂಜಿಯನ್ನೋ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವುದು: ಇದನ್ನು ತುಳುನಾಡಿನವರು ಚೆನ್ನೆಮಣೆ ಎನ್ನುತ್ತಾರೆ, ತಮಿಳರು ಪಲ್ಲಾಂಗುಳಿ ಎನ್ನುತ್ತಾರೆ, ತೆಲುಗರು ವಾಮನಗುಂಟಲು ಎನ್ನುತ್ತಾರೆ. ಘಾನಾದಲ್ಲಿ ಇದು ಸಾಲಿಗೆ ಆರು ಗುಳಿಯ ಒವಾರೆ, ಜಾಂಜಿಬಾರ್‌ನಲ್ಲಿ ಎಂಟೆಂಟು ಗುಳಿಯ ನಾಲ್ಕು ಸಾಲಿನ ಬಾವೊ, ಇಂಡೊನೇಷ್ಯಾದಲ್ಲಿ ಚೊಂಕ್ಲಾಕ್, ಫಿಲಿಪ್ಪೀನ್ಸ್‌ನಲ್ಲಿ ಸುಂಕಾ. ಇಡೀ ಬಳಗಕ್ಕೆ ವಿದ್ವಾಂಸರು ಬಳಸುವ ಮಂಕಾಲ ಎಂಬ ಹೆಸರು, ಸಾಗಿಸು ಎಂಬರ್ಥದ ಅರಬ್ಬೀ ಧಾತುವಿನಿಂದ ಬಂದದ್ದು. ಈ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಬಹುಪಾಲು ಹಿಂದೂ ಮಹಾಸಾಗರದ ಹಳೆಯ ವ್ಯಾಪಾರದ ದಾರಿಯೇ ಮೂಡುತ್ತದೆ. ಅಮೆರಿಕದ ಮೂಲನಿವಾಸಿಗಳಲ್ಲಿ ಈ ಆಟವಿರಲಿಲ್ಲ. ಕೆರಿಬಿಯನ್ ದ್ವೀಪಗಳಿಗೆ ಅದು ತಲುಪಿದ್ದು ಆಫ್ರಿಕಾದಿಂದ ಗುಲಾಮರನ್ನಾಗಿ ಹಿಡಿದು ಒಯ್ದವರ ಜೊತೆಗೆ. ಕೈಯಲ್ಲಿ ಏನನ್ನೂ ಒಯ್ಯಲು ಬಿಡದ ಹಡಗಿನಲ್ಲಿಯೂ ತಲೆಯೊಳಗಿನ ಆಟವನ್ನು ಯಾರೂ ಕಸಿಯಲಾಗಲಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಮುದ್ರೆ ಚಿನ್ನಿದಾಂಡಿನದು. ದಾವಣಗೆರೆ ದಾಟಿ ಹಾವೇರಿಯ ಕಡೆ ಹೋದರೆ ಅದರ ಹೆಸರು ಚಿಣಿಪಣಿಯಾಗುತ್ತದೆ. ಎರಡೂ ತುದಿ ಚೂಪಾದ ಗಿಡ್ಡ ಕಡ್ಡಿಯನ್ನು ಕೋಲಿನಿಂದ ಚಿಮ್ಮಿಸಿ ಹೊಡೆಯುವ ಈ ಆಟ ಇರಾನಿನಲ್ಲಿ ಅಲಕ್ ದೊಲಕ್, ಟರ್ಕಿಯಲ್ಲಿ ಚೆಲಿಕ್ ಚೊಮಾಕ್, ಇಟಲಿಯಲ್ಲಿ ಲಿಪ್ಪ, ಇಂಗ್ಲೆಂಡಿನಲ್ಲಿ ಟಿಪ್‌ಕ್ಯಾಟ್. ಇವುಗಳ ನಡುವೆ ನಂಟಿರಬಹುದು, ಇಲ್ಲದಿರಬಹುದು. ಕಡ್ಡಿ ಕೋಲು ಎಲ್ಲ ಕಡೆಯೂ ಇವೆ. ಆದರೆ ಮಹಾರಾಷ್ಟ್ರದ ಮಕ್ಕಳು ವಿಟಿದಾಂಡುವಿನಲ್ಲಿ ದೂರವನ್ನು ಅಳೆಯುವಾಗ ಮರಾಠಿಯ ಏಕ್, ದೋನ್, ತೀನ್ ಎನ್ನದೆ ವಕಟ, ಲೇಂಡ, ಮೂಂಡ, ನಾಲ ಎಂದು ಎಣಿಸುವ ರೂಢಿಯಿದೆ. ಮರಾಠಿ ಮಾತ್ರ ಬಲ್ಲವರಿಗೆ ಅದು ಅರ್ಥವಿಲ್ಲದ ಸದ್ದು. ಆಂಧ್ರದ ಗಡಿಗೆ ತಾಗಿರುವ ನಮ್ಮ ಮೊಳಕಾಲ್ಮುರಿನವರಿಗಾದರೋ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ: ಒಕಟಿ, ರೆಂಡು, ಮೂಡು, ನಾಲುಗು. ಎಣಿಕೆ ತೆಲುಗಿನದು. ಚಿನ್ನಿಯನ್ನು ಹೊಡೆಯುವ ರೀತಿ ಎಲ್ಲಿ ಬೇಕಾದರೂ ಹೊಳೆಯಬಹುದು, ಆದರೆ ತೆಲುಗಿನ ಅಂಕಿಗಳು ಮರಾಠಿ ಮಗುವಿನ ಬಾಯಿಗೆ ತಾನಾಗಿ ಬರಲಾರವು. ಮೇಲೆ ಹೇಳಿದ ಕಟ್ಟಿಲ್ಲದ ಗುರುತು ಎಂದರೆ ಇಂಥದ್ದು.

ಮುದ್ರೆ ಉಳಿದಂತೆಯೇ ಬಣ್ಣ ಬದಲಾಗುವುದೂ ಉಂಟು. ಬೇಟೆಯ ಮೃಗ ಕೆಲವು, ಬಲಿಯ ಪ್ರಾಣಿ ಹಲವು ಇರುವ ಹಾಸಿನ ಆಟ ತಮಿಳುನಾಡಿನಲ್ಲಿ ಮೂರು ಹುಲಿ ಹದಿನೈದು ಆಡುಗಳದು, ನೇಪಾಳದಲ್ಲಿ ನಾಲ್ಕು ಹುಲಿ ಇಪ್ಪತ್ತು ಮೇಕೆಗಳದು, ಇಂಗ್ಲೆಂಡಿನಲ್ಲಿ ಒಂದು ನರಿ ಮತ್ತು ಬಾತುಗಳ ಹಿಂಡಿನದು. ಕಂಬಳಿಯ ನಾಡಾದ ನಮ್ಮಲ್ಲಿ ಅದು ಹುಲಿ ಕುರಿಯಾಟ. ಇಲ್ಲಿಯ ಕುರಿಗಾಹಿಯ ನಿಜವಾದ ಭಯ ತೋಳದ್ದು, ಹುಲಿಯದಲ್ಲ. ಆದರೂ ಆಟದ ಹಾಸಿನ ಮೇಲೆ ತೋಳಕ್ಕೆ ಜಾಗ ಸಿಕ್ಕಿಲ್ಲ. ಬಲಿಪ್ರಾಣಿ ಊರಿಗೆ ತಕ್ಕಂತೆ ಬದಲಾಗಿ, ಬೇಟೆಗಾರ ಮಾತ್ರ ಹಳೆಯವನೇ ಉಳಿದಂತೆ ತೋರುತ್ತದೆ.

ಇನ್ನು ಮಣ್ಣಿನಡಿಯ ಸಾಕ್ಷ್ಯ. ಇಲ್ಲಿ ಎಚ್ಚರ ಹೆಚ್ಚು ಬೇಕು. ಭಾರತದ ಪುರಾತತ್ವ ವರದಿಗಳಲ್ಲಿ, ಒಡೆದ ಮಡಕೆಯ ಚೂರನ್ನು ಅಂಚು ತಿಕ್ಕಿ ದುಂಡಗೆ ಮಾಡಿದ ಬಿಲ್ಲೆಗಳನ್ನು ಕುಂಟಬಿಲ್ಲೆಯ ಇಂಗ್ಲಿಷ್ ಹೆಸರಿನಿಂದಲೇ, ಹಾಪ್‌ಸ್ಕಾಚ್ ಎಂದು ಪಟ್ಟಿ ಮಾಡುವ ರೂಢಿಯಿದೆ. ಮದುರೆಯ ಬಳಿಯ ಕೀಳಡಿಯಲ್ಲಿ ಇಂಥವು ನೂರಾರು ಸಿಕ್ಕಿವೆ. ನಾವು ಹೆಂಚಿನ ಚೂರನ್ನು ತಿಕ್ಕಿ ಮಾಡಿಕೊಳ್ಳುತ್ತಿದ್ದ ಬಿಲ್ಲೆಯ ಪಕ್ಕದಲ್ಲಿಟ್ಟರೆ ಎರಡಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಆದರೆ ಅಂಥ ದುಂಡುಚೂರು ಗಡಿಗೆಯ ಮುಚ್ಚಳವೂ ಆಗಬಹುದು, ತೂಕದ ಬಟ್ಟೂ ಆಗಬಹುದು, ಅಂಗಡಿಯ ಲೆಕ್ಕದ ಗುರುತೂ ಆಗಬಹುದು. ಹೆಸರಿಟ್ಟ ಮಾತ್ರಕ್ಕೆ ಅದರ ಮೇಲೆ ಮಗುವಿನ ಕಾಲು ಕುಂಟಿದ್ದು ಸಿದ್ಧವಾಗದು. ಕುಂಟಬಿಲ್ಲೆಯನ್ನು ರೋಮನ್ ಸೈನಿಕರ ಕಸರತ್ತಿನಿಂದ ಹುಟ್ಟಿಸುವ ಕತೆ ಬಹಳ ಕಡೆ ಓದಲು ಸಿಗುತ್ತದೆ, ಅದಕ್ಕೆ ಆಧಾರವಿಲ್ಲ. ಇಂಗ್ಲೆಂಡಿನಲ್ಲಿ ಆಟದ ಸ್ಪಷ್ಟ ವರ್ಣನೆ ಸಿಗುವುದು 17ನೇ ಶತಮಾನದಲ್ಲಿ, ಫ್ರಾನ್ಸಿಸ್ ವಿಲ್ಲಬಿ ಎಂಬ ನಿಸರ್ಗಶಾಸ್ತ್ರಜ್ಞನ ಹಸ್ತಪ್ರತಿಯಲ್ಲಿ. ಫ್ರಾನ್ಸ್ ಮತ್ತು ಸ್ಪೇನಿನಲ್ಲಿ ಕೊನೆಯ ಮನೆಗೆ ಸ್ವರ್ಗವೆಂದೇ ಹೆಸರು, ಜರ್ಮನಿಯಲ್ಲಂತೂ ಆಟದ ಹೆಸರೇ ಸ್ವರ್ಗ ಮತ್ತು ನರಕ.

ಸಿಂಧೂ ಕಣಿವೆಯ ಮೊಹೆಂಜೊದಾರೊ, ಹರಪ್ಪಾ, ಚನ್ಹುದಾರೊಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು, ಹಕ್ಕಿಯಾಕಾರದ ಪೀಪಿಗಳು, ಗುಂಡುಗಳು, ದಾಳಗಳು ಸಿಕ್ಕಿವೆ. ಮಗು ದೊಡ್ಡವರ ಬದುಕನ್ನು ಚಿಕ್ಕದು ಮಾಡಿಕೊಂಡು ಆಡುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಈ ಬಂಡಿಗಳು ಒಳ್ಳೆಯ ನಿದರ್ಶನ, ಏಕೆಂದರೆ ಅಲ್ಲಿ ಎತ್ತಿನ ದೊಡ್ಡ ಬಂಡಿಯೂ ಇತ್ತು. ಆ ನಂಬಿಕೆಯನ್ನು ಮತ್ತೆ ಮೆಕ್ಸಿಕೊ ಅಲುಗಾಡಿಸುತ್ತದೆ. ಅಲ್ಲಿಯ ವೆರಾಕ್ರೂಜ್ ಪ್ರದೇಶದಲ್ಲಿ ನಾಲ್ಕು ಚಕ್ರಗಳ ಮೇಲೆ ನಿಂತ ಮಣ್ಣಿನ ಪ್ರಾಣಿಗೊಂಬೆಗಳು ಸಿಕ್ಕಿವೆ. ಆದರೆ ಯುರೋಪಿನವರು ಬರುವವರೆಗೆ ಆ ನಾಡಿನಲ್ಲಿ ದೊಡ್ಡ ಬಂಡಿ ಒಂದೂ ಇರಲಿಲ್ಲ, ಎಳೆಯಲು ಎತ್ತು ಕುದುರೆಗಳೂ ಇರಲಿಲ್ಲ. ಅವು ಆಟಿಕೆಗಳೋ ಪೂಜೆಯ ವಸ್ತುಗಳೋ ಎಂಬ ಚರ್ಚೆ ಇದೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಬೆಳಿಗ್ಗೆ ಮಣ್ಣಿನ ಎತ್ತಿಗೆ ಪೂಜೆ ಮಾಡಿ, ಸಂಜೆಗೆ ಅದೇ ಎತ್ತಿನ ಕೊಂಬು ಮುರಿಯುವಂತೆ ಆಡುವ ಮಕ್ಕಳನ್ನು ಕಂಡಿರುವ ನಮ್ಮ ಕಡೆಯವರಿಗೆ ಆ ಚರ್ಚೆ ಅಷ್ಟೇನೂ ಇಕ್ಕಟ್ಟಿನದೆನಿಸದು.

ಮಣ್ಣಿನ ಬಂಡಿ ಉಳಿದದ್ದು ಸುಟ್ಟ ಮಣ್ಣಾದ್ದರಿಂದ. ಜೋಳದ ಸುಗ್ಗಿಯಾದ ಮೇಲೆ ನಾವು ಮಾಡುತ್ತಿದ್ದ ಬಂಡಿ ಉಳಿಯುವಂಥದ್ದಲ್ಲ. ಒಣಗಿದ ದಂಟಿನ ಮೇಲಿನ ಗಟ್ಟಿ ಸಿಪ್ಪೆಯನ್ನು ಹಲ್ಲಿನಿಂದ ಸೀಳಿ ತೆಗೆದರೆ ಒಳಗೆ ಹಗುರವಾದ ಬೆಂಡು. ಬೆಂಡನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದರೆ ಗಾಲಿ, ಉದ್ದಕ್ಕೆ ಬಿಟ್ಟರೆ ಮೂಕಿ, ಸೀಳಿದ ಸಿಪ್ಪೆಯೇ ಅಚ್ಚು, ಗೂಟ ಎಲ್ಲವೂ. ಮೊಳೆ ಬೇಡ, ಅಂಟು ಬೇಡ. ಸಿಪ್ಪೆಯ ಅಂಚು ತುಟಿಯನ್ನು ಕೊಯ್ಯುತ್ತಿತ್ತು, ಆ ಗಾಯ ಎರಡು ದಿನ ಉರಿಯುತ್ತಿತ್ತು. ಮೊದಲ ಮಳೆಗೆ ಬಂಡಿ ನೆನೆದು ಕೊಳೆತು, ದನ ತಿಂದು, ಗುರುತಿಲ್ಲದೆ ಹೋಗುತ್ತಿತ್ತು. ಲೋಕದ ಮಕ್ಕಳು ಆಡಿದ ಸಾಮಾನುಗಳಲ್ಲಿ ಹೆಚ್ಚಿನವು ಈ ಜಾತಿಯವೇ ಆದುದರಿಂದ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವುದನ್ನು ನೋಡಿ ಆಟದ ಇತಿಹಾಸ ಬರೆದರೆ ಅದು ಉಳ್ಳವರ ಮತ್ತು ಸುಟ್ಟಮಣ್ಣಿನ ಇತಿಹಾಸವಾಗುತ್ತದೆ.

ಕಾರ್ಖಾನೆಯ ಕಾಲ ಇದನ್ನು ಸ್ವಲ್ಪ ಬದಲಿಸಿತು. ಜರ್ಮನಿಯ ಲೌಷಾ ಊರಿನ ಗಾಜುಗಾರರು 1840ರ ದಶಕದಲ್ಲಿ ಕತ್ತರಿಯಂಥ ಒಂದು ಹತಾರವನ್ನು ಕಂಡುಹಿಡಿದ ಮೇಲೆ ಗಾಜಿನ ಗೋಲಿ ಅಗ್ಗವಾಯಿತು. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್, ಕತ್ತಿನಲ್ಲಿ ಗೋಲಿಯಿಟ್ಟು ಗ್ಯಾಸಿನ ಒತ್ತಡದಿಂದಲೇ ಬಾಯಿ ಮುಚ್ಚಿಕೊಳ್ಳುವ ಸೋಡಾ ಬಾಟಲಿಗೆ ಪೇಟೆಂಟ್ ಪಡೆದ; ಅಲ್ಲಿಯ ಹುಡುಗರು ಗೋಲಿಗಾಗಿ ಬಾಟಲಿ ಒಡೆಯುವುದು ಸೋಡಾ ಕಂಪನಿಗಳಿಗೆ ದೊಡ್ಡ ತಲೆನೋವಾಗಿತ್ತು. ಮಂಡಕ್ಕಿ ಮಿರ್ಚಿಯ ಮೇಲೆ ಗೋಲಿ ಸೋಡಾ ಕುಡಿಯುವ ದಾವಣಗೆರೆಯಲ್ಲಿ ಈ ತಲೆನೋವಿನ ವಿಷಯ ಹೊಸದಲ್ಲ. ಒಡೆದ ಬಾಟಲಿಯಿಂದ ಬಂದ ತಿಳಿಹಸಿರು ಗೋಲಿಗೆ ಅಂಗಡಿಯ ಹೂವಿನ ಗೋಲಿಗಿಂತ ಹೆಚ್ಚಿನ ಮಾನವಿತ್ತು.

ಆಟ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಬಗೆಯನ್ನು ತಿಳಿಯದೆ ಈ ಇತಿಹಾಸ ಪೂರ್ತಿಯಾಗದು. ಅಜ್ಜಿ ಮೊಮ್ಮಗಳಿಗೆ ಹೇಳಿಕೊಡುತ್ತಾಳೆ ಎಂದು ನಾವು ಭಾವಿಸುತ್ತೇವೆ. ಅಳಗುಳಿ ಮಣೆಗೆ ಇದು ನಿಜವಿರಬಹುದು. ಬೀದಿಯ ಆಟಕ್ಕೆ ನಿಜವಲ್ಲ. ಇಂಗ್ಲೆಂಡಿನ ಐಯೋನಾ ಮತ್ತು ಪೀಟರ್ ಓಪಿ ದಂಪತಿಗಳು ಶಾಲೆಯಿಂದ ಶಾಲೆಗೆ ವಿಚಾರಿಸಿ 1959ರಲ್ಲೂ 1969ರಲ್ಲೂ ಪ್ರಕಟಿಸಿದ ಅಧ್ಯಯನಗಳಿಂದ ತಿಳಿಯುವುದೇನೆಂದರೆ, ಹತ್ತು ವರ್ಷದ ಮಗು ಏಳು ವರ್ಷದ ಮಗುವಿಗೆ ಕಲಿಸುತ್ತದೆ, ಮೂರು ವರ್ಷ ಕಳೆದು ಆ ಏಳರ ಮಗು ಮತ್ತೊಂದಕ್ಕೆ ಕಲಿಸುತ್ತದೆ. ದೊಡ್ಡವರಿಗೆ ಇದರಲ್ಲಿ ಪಾಲಿಲ್ಲ. ಹೀಗಾದರೆ 300 ವರ್ಷದ ಹಳೆಯ ಆಟವೆಂದರೆ ನೂರರಷ್ಟು ಪುಟ್ಟ ತಲೆಮಾರುಗಳನ್ನು ದಾಟಿ ಬಂದದ್ದು. ಆಟದ ನಡುವೆ ಉಸಿರು ತೆಗೆದುಕೊಳ್ಳಲು ಮಕ್ಕಳು ಕೂಗುವ ವಿರಾಮದ ಪದವನ್ನೂ ಅವರು ಸಂಗ್ರಹಿಸಿದರು: ಸ್ಕಾಟ್ಲೆಂಡಿನಲ್ಲಿ ಬಾರ್ಲಿ, ಲಂಡನ್ನಿನ ಸುತ್ತ ಫೈನೈಟ್ಸ್. ನಮ್ಮ ಹುಡುಗರು ಕೂಗುವ ಟೈಂಪ್ಲೀಸ್ ಕೂಡ ಇಂಥದ್ದೇ ಪದ, ಆದರೆ ಅದನ್ನು ಊರೂರು ತಿರುಗಿ ಬರೆದುಕೊಂಡವರು ಕಡಿಮೆ.

ಇಷ್ಟು ಎಳೆಯ ಕೈಗಳಲ್ಲಿ ನಿಯಮ ಕೆಡದೆ ಉಳಿಯುವುದು ಹೇಗೆ ಎಂಬುದಕ್ಕೆ ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ ಅವರು 1932ರಲ್ಲಿ ಪ್ರಕಟಿಸಿದ ಗೋಲಿಯಾಟದ ಅಧ್ಯಯನದಲ್ಲಿ ಒಂದು ಉತ್ತರವಿದೆ. ಚಿಕ್ಕ ಮಕ್ಕಳಿಗೆ ನಿಯಮವೆಂದರೆ ದೇವರೋ ಅಪ್ಪನೋ ಊರಿನ ಹಿರಿಯರೋ ಮಾಡಿಟ್ಟ, ಮುಟ್ಟಬಾರದ ಕಟ್ಟಳೆ. ಹನ್ನೊಂದು ಹನ್ನೆರಡರ ಹೊತ್ತಿಗೆ ಅದೇ ಮಕ್ಕಳು, ಎಲ್ಲರೂ ಒಪ್ಪಿದರೆ ನಿಯಮ ಬದಲಿಸಬಹುದೆಂದು ತಿಳಿದುಕೊಳ್ಳುತ್ತಾರೆ. ಆಟವನ್ನು ಕಾಯುವವರು ಕಿರಿಯರು, ತಿದ್ದುವವರು ಹಿರಿಯರು. ಒಂದೇ ಬೀದಿಯಲ್ಲಿ ಎರಡೂ ವಯಸ್ಸಿನವರು ಇದ್ದಷ್ಟು ಕಾಲ ಆಟ ಉಳಿಯುತ್ತಲೂ ಇರುತ್ತದೆ, ಹೊಂದಿಕೊಳ್ಳುತ್ತಲೂ ಇರುತ್ತದೆ. ವಯಸ್ಸಿಗೊಂದು ತರಗತಿ ಮಾಡಿ, ಬಿಡುವಿನ ಹೊತ್ತನ್ನೂ ಹಂಚಿಹಾಕಿದ ಶಾಲೆಗಳಲ್ಲಿ ಈ ಸರಪಳಿ ಸಡಿಲವಾಗುವುದು ಸಹಜ. ಮೊಬೈಲಿನ ಮೇಲೆ ಹಾಕುವ ತಪ್ಪಿನಲ್ಲಿ ಸ್ವಲ್ಪ ಪಾಲು ಇದಕ್ಕೂ ಸಲ್ಲಬೇಕು.

ಎಲ್ಲ ಮಕ್ಕಳೂ ಈ ಸರಪಳಿಯೊಳಗೆ ಇರಲಿಲ್ಲವೆಂಬುದನ್ನೂ ಹೇಳದೆ ಬಿಡಬಾರದು. ಚೌಕಾಬಾರದ ಗೆರೆಯಿದ್ದ ಗುಡಿಯ ಕಟ್ಟೆಯನ್ನು ಹತ್ತಲು ದಲಿತರ ಕೇರಿಯ ಮಕ್ಕಳಿಗೆ ಅಪ್ಪಣೆ ಇರಲಿಲ್ಲ. ಅವರ ಚೌಕ ಇದ್ದಿಲಿನಲ್ಲೋ ಸುಣ್ಣದ ಕಲ್ಲಿನಲ್ಲೋ ನೆಲದ ಮೇಲೆ ಮೂಡಿ ಅಳಿಸುತ್ತಿತ್ತು. ಹೆಣ್ಣುಮಕ್ಕಳ ಆಟಗಳಲ್ಲಿ ಬಹಳಷ್ಟು ಕೂತಲ್ಲೇ ಆಡುವಂಥವು ಎಂಬುದಕ್ಕೆ ಅವರ ಸ್ವಭಾವ ಕಾರಣವಲ್ಲ: ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಚಿನ್ನಿದಾಂಡು ಆಡಲಾಗದು, ತೊಡೆಯ ಮೇಲೆ ಮಲಗಿಸಿಕೊಂಡು ಕಲ್ಲಾಟ ಆಡಬಹುದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕೆಂದು ಒಪ್ಪಿದೆ, ಭಾರತವೂ 1992ರಲ್ಲಿ ಅದಕ್ಕೆ ಸೇರಿದೆ.

ಮೊದಲು ಹೇಳಿದ ಆ ಕಟ್ಟೆಯ ಮುಂದೆಯೇ ಕುಂಟಬಿಲ್ಲೆಯ ಗೆರೆಗಳೂ ಇವೆ. ಮಣ್ಣಿನ ಬೀದಿಗೆ ಕಾಂಕ್ರೀಟ್ ಬಿದ್ದ ಮೇಲೆ ಕಡ್ಡಿಯಿಂದ ಗೀರಲಾಗದೆ ಸುಣ್ಣದ ಕಡ್ಡಿಯಿಂದ ಬರೆಯುತ್ತಾರೆ. ಹೆಂಚಿನ ಮನೆಗಳು ಹೋಗಿ ಹೆಂಚಿನ ಚೂರೂ ಸಿಗದಾದುದರಿಂದ, ಮನೆ ಕಟ್ಟುವಲ್ಲಿ ಎಸೆದ ನುಣುಪು ಟೈಲ್ಸಿನ ತುಂಡೇ ಈಗಿನ ಬಿಲ್ಲೆ. ಅದು ಕಾಂಕ್ರೀಟಿನ ಮೇಲೆ ಬಿದ್ದಲ್ಲಿ ನಿಲ್ಲದೆ ಜಾರಿ ಗೆರೆ ದಾಟಿಬಿಡುತ್ತದೆ. ಈಚೆಗೆ ಒಂದು ಸಂಜೆ ನೋಡುತ್ತ ನಿಂತಿದ್ದಾಗ ಹನ್ನೊಂದರ ಹುಡುಗಿಯೊಬ್ಬಳು, ನುಣುಪಿನ ಬದಿ ಕೆಳಗಾಗಿ ಬಿದ್ದು ಜಾರಿದರೆ ಇನ್ನೊಂದು ಸಲ ಎಸೆಯಬಹುದು, ಒರಟು ಬದಿ ಕೆಳಗಾಗಿ ಜಾರಿದರೆ ಔಟ್ ಎಂದು ತೀರ್ಪು ಕೊಟ್ಟಳು. ಪಕ್ಕದಲ್ಲಿದ್ದ ಏಳರ ತಂಗಿ, ಅದು ಎಂದಿನಿಂದಲೋ ಇರುವ ನಿಯಮವೆಂಬಂತೆ ತಲೆಯಾಡಿಸಿ, ತನ್ನ ಸರದಿಗೆ ಕಾಲೆತ್ತಿ ನಿಂತಳು.